ಅತ್ತೆಗೆ ಸಿನೆಮಾ ತೋರಿಸಿದ್ದು

ಹೈದರಾಬಾದಿನ ಮಾದಾಪುರದ ನಮ್ಮ ಆಫೀಸಿನಲ್ಲಿ ನನಗೆ ಸಿನೆಮಾ ಹುಚ್ಚಿ ಎಂದೇ ಹೆಸರು. ಎಲ್ಲಿಂದಲೋ ಬಂದ ಹೊಸಬರು ಊಟದ ಹೊತ್ತಿಗೆ ನನ್ನ ಮೇಜಿನ ಹತ್ತಿರ ನಿಂತು, ನಿಮ್ಮ ಕಡೆಯ ಸಿನೆಮಾ ನೋಡಬೇಕೆಂದು ಆಸೆ ಮೇಡಂ, ಫೋನಿನಲ್ಲಿ ಸಾವಿರ ಇವೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಮೊದಲಾದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಹಾಡು ಬಂತೆಂದು ಮುಂದೆ ಓಡಿಸಬೇಡಿ, ಅರ್ಧ ಕಥೆ ಹಾಡಿನಲ್ಲೇ ಇರುತ್ತದೆ. ಮೂರು ತಾಸು ಎಂದು ಹೆದರಬೇಡಿ, 'ವಿಶ್ರಾಂತಿ' ಎಂದು ಬಂದಲ್ಲಿ ನಿಲ್ಲಿಸಿ ಚಹಾ ಕುಡಿಯಿರಿ. ಇದನ್ನು ನೋಡಿದಿರಿ, ಹಾಗಾದರೆ ಅದನ್ನೂ ನೋಡಿ ಎಂದು ಫೋನು ಹೇಳಿದರೆ ನಂಬಬೇಡಿ, ಅದಕ್ಕೇನು ಗೊತ್ತು ಮಣ್ಣು. ಮೊದಲು ನಗಿಸುವುದು ನೋಡಿ, ಆಮೇಲೆ ಅಳಿಸುವುದು. ಈಗ ಇದೊಂದನ್ನೂ ಹೇಳುವುದಿಲ್ಲ. ನನಗೆ ಗೊತ್ತಿಲ್ಲಪ್ಪಾ ಎಂದು ಊಟದ ಡಬ್ಬಿ ಮುಚ್ಚಿ ಏಳುತ್ತೇನೆ. ಈ ಪಾಠವನ್ನೆಲ್ಲ ಮನಸ್ಸಿಟ್ಟು ಒಬ್ಬಳಿಗೆ ಕಲಿಸಿ, ನನ್ನ ಕೈಯಾರೆ ಅವಳ ಎದೆ ಒಡೆದೆ.

ಅವಳು ನನ್ನ ಅತ್ತೆ, ಅಪ್ಪನ ಒಬ್ಬಳೇ ತಂಗಿ. ನಮ್ಮದು ಅಜ್ಜನ ಕಾಲಕ್ಕೇ ಕಲಬುರಗಿ ಕಡೆಯಿಂದ ಸರ್ಕಾರಿ ನೌಕರಿಗೆಂದು ಹೈದರಾಬಾದಿಗೆ ಬಂದ ಮನೆತನ. ಅತ್ತೆಗೆ ಹತ್ತೊಂಬತ್ತಕ್ಕೆ ಮದುವೆಯಾಯಿತು. ಇಪ್ಪತ್ತೊಂದಕ್ಕೆ ಗಂಡ ತೀರಿಕೊಂಡ. ಒಂದು ಟ್ರಂಕು ಹಿಡಿದು ಕಾಚಿಗುಡದ ನಮ್ಮ ವಠಾರದ ಮನೆಗೆ ವಾಪಸು ಬಂದಳು. ಅವಳನ್ನು ಯಾರೂ ಕೆಟ್ಟದಾಗಿ ನೋಡಿಕೊಳ್ಳಲಿಲ್ಲ. ಬಣ್ಣದ ಸೀರೆ ಉಡುತ್ತಿದ್ದಳು, ಅಪ್ಪ ಹೊಲಿಗೆ ಮಷೀನು ಕೊಡಿಸಿದ್ದ, ಹಬ್ಬದಲ್ಲಿ ಮೊದಲ ಹೋಳಿಗೆ ಅವಳ ತಾಟಿಗೇ ಬೀಳುತ್ತಿತ್ತು. ಟಾಕೀಜಿಗೆ ಮಾತ್ರ ಯಾರೂ ಅವಳನ್ನು ಕರೆದೊಯ್ಯಲಿಲ್ಲ. ಬರಬೇಡ ಎಂದು ಹೇಳಿದವರೂ ಇಲ್ಲ. ಭಾನುವಾರ ಮ್ಯಾಟಿನಿಗೆ ವಠಾರದ ಹೆಂಗಸರು, ಮಕ್ಕಳು ಹೊರಟಾಗ 'ಮನ್ಯಾಗ ಒಬ್ಬರು ಇರಬೇಕಲ್ಲ' ಎನ್ನುತ್ತಿದ್ದರು, ಆ ಒಬ್ಬರು ಪ್ರತಿ ಭಾನುವಾರವೂ ಅತ್ತೆಯೇ. ಗಂಡ ಸತ್ತ ಹುಡುಗಿ ಟಾಕೀಜಿನಲ್ಲಿ ಕಂಡರೆ ಜನ ಏನೆಂದಾರು ಎಂದು ಬಾಯಿಬಿಟ್ಟು ಆಡುವಷ್ಟು ಒರಟರಲ್ಲ ನಮ್ಮವರು.

ಬದಲಿಗೆ ಅವ್ವ ಬಂದು ಕಥೆ ಹೇಳುತ್ತಿದ್ದಳು. ಅತ್ತೆ ಮಾಡಿಟ್ಟ ಒಗ್ಗರಣೆ ಚುರುಮುರಿ ತಿನ್ನುತ್ತ, ಕಟ್ಟೆಯ ಮೇಲೆ ಕಾಲು ಚಾಚಿ, ಮೊದಲ ದೃಶ್ಯದಿಂದ ಕೊನೆಯವರೆಗೆ. ಅವ್ವನ ಬಾಯಲ್ಲಿ ಸಿನೆಮಾ ಕೇಳುವುದೆಂದರೆ ಸಿನೆಮಾ ನೋಡುವುದಕ್ಕಿಂತ ಒಂದು ಕೈ ಮೇಲೆ. ಸಿನೆಮಾದ ಸೊಸೆಗೆ ಒಂದು ದನಿ, ಅವಳ ಅತ್ತೆಗೆ ಇನ್ನೊಂದು. ಹೊಡೆದಾಟ ಮಾತ್ರ ಅವಳಿಗೆ ಆಗಿಬರುತ್ತಿರಲಿಲ್ಲ, 'ಆಮ್ಯಾಲೆ ಬಡದಾಡಿದ್ರು' ಎಂದು ಒಂದೇ ಉಸಿರಿಗೆ ಮುಗಿಸಿಬಿಡುತ್ತಿದ್ದಳು. ಅತ್ತೆ ಹೊಲಿಗೆ ನಿಲ್ಲಿಸಿ, ಬಾಯಿ ತೆರೆದುಕೊಂಡು ಕೇಳುತ್ತಿದ್ದಳು. ಹಾಗೆ ಅವಳು ನೂರಾರು ಸಿನೆಮಾ ಕೇಳಿದಳು, ಒಂದನ್ನೂ ನೋಡಲಿಲ್ಲ.

ಆಮೇಲೆ ಮನೆಗೆ ಟಿವಿ ಬಂತು ನಿಜ. ಆಗ ಅತ್ತೆಯೇ ಬೇಡವೆಂದಳು. ಅಭ್ಯಾಸ ತಪ್ಪಿಹೋಗಿತ್ತೋ, ಸಿಟ್ಟಿತ್ತೋ, ಯಾರೂ ಕೇಳಲಿಲ್ಲ. ಅಪ್ಪ ಹೋದ, ಎರಡು ವರ್ಷಕ್ಕೆ ಅವ್ವನೂ ಹೋದಳು. ಅತ್ತೆಯನ್ನು ಗಚ್ಚಿಬೌಲಿಯ ನನ್ನ ಫ್ಲ್ಯಾಟಿಗೆ ಕರೆತಂದೆ. ಹನ್ನೊಂದನೇ ಮಹಡಿ, ಮಾತಾಡಲು ಜನ ಇಲ್ಲ. ಒಂದು ಭಾನುವಾರ ನನಗೆ ಹೊಳೆಯಿತು: ಅವ್ವ ಹೇಳಿದ ಸಿನೆಮಾಗಳನ್ನೆಲ್ಲ ಇವಳಿಗೆ ತೋರಿಸಬೇಕು. ಹುಡುಕಿದರೆ ಹಳೆಯವೂ ಬಹಳಷ್ಟು ಸಿಗುತ್ತವೆ. ಹತ್ತಿರ ಹತ್ತಿರ ಐವತ್ತು ವರ್ಷದ ಬಾಕಿ ತೀರಿಸುವವಳ ಹಾಗೆ ಹುರುಪಿನಿಂದ ಸೊಂಟ ಕಟ್ಟಿ ನಿಂತೆ. ಎಪ್ಪತ್ತರ ಹೊಸ ವಿದ್ಯಾರ್ಥಿನಿ ಮೊದಮೊದಲು ಹಿಂಜರಿದಳು, ಆಮೇಲೆ ಭಾನುವಾರ ಹನ್ನೊಂದಕ್ಕೇ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಸೋಫಾದ ಮೇಲೆ ಕೂರತೊಡಗಿದಳು. ಮನೆಯಲ್ಲೇ ತಾನೇ ಅತ್ತಿ ಎಂದರೆ, 'ಸಿನೆಮಾಕ್ಕ ಹೊಂಟೀವಿ, ಹರದ ಸೀರಿ ಉಟ್ಕೊಂಡು ಬರ್ಲೇನು?' ಎಂದು ನನ್ನನ್ನೇ ಗದರಿದಳು. ಅದನ್ನು ನೋಡಿ ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಆ ನಾಲ್ಕು ತಿಂಗಳು ನಾವು ಸುಖವಾಗಿದ್ದೆವು. ತೆಲುಗು, ಹಿಂದಿ ಎರಡೂ ಅವಳಿಗೆ ಬರುತ್ತಿದ್ದವು, ಕೆಳಗಿನ ಅಕ್ಷರದ ಗೊಡವೆ ಬೇಕಿರಲಿಲ್ಲ. ನೋಡನೋಡುತ್ತ ಅವ್ವನ ಕಥೆಗೂ ಪರದೆಗೂ ತಾಳೆ ಹಾಕುತ್ತಿದ್ದಳು. 'ಇವಗ ಮೀಸಿ ಇತ್ತಂತ ವೈನಿ ಹೇಳೇ ಇಲ್ಲ.' 'ಬಡದಾಟ ಇಷ್ಟೊತ್ತು ಇರ್ತೈತೇನು? ಸಾಯವಲ್ಲನಲ್ಲ ಇಂವಾ.' ಅವ್ವನನ್ನು ನಾವಿಬ್ಬರೂ ಹೀಗೆ ಬೈಯುತ್ತ ನೆನೆಯುತ್ತಿದ್ದೆವು. ನಾನು ಒಂದು ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿಟ್ಟಿದ್ದೆ, ನಗಿಸುವವು ಮುಗಿದು ಅಳಿಸುವವು ಶುರುವಾಗಿದ್ದವು.

ಆ ತೆಲುಗು ಸಿನೆಮಾವನ್ನು ನಾನು ಆರಿಸಿದ್ದು ಅದರ ಹಾಡಿಗಾಗಿ. ಹತ್ತು ವರ್ಷದವಳಿದ್ದಾಗ ನೋಡಿದ್ದು, ಒಂದು ದೋಣಿ, ಒಬ್ಬ ಶಾಲೆ ಮಾಸ್ತರ, ಎರಡು ಹಾಡು ಇಷ್ಟೇ ನೆನಪಿತ್ತು. ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಬಿಳಿ ಸೀರೆಯ ಹುಡುಗಿ ಕೊಡ ಹಿಡಿದು ನೀರಿಗೆ ಹೋಗುವುದನ್ನು ಕಂಡು ಅತ್ತೆ ಹೇಳಿದಳು, 'ಈ ಕಥಿ ನನಗ ಗೊತ್ತೈತಿ. ಮಾಸ್ತರ ಆಕೀನ ಲಗ್ನ ಆಗ್ತೀನಿ ಅಂತಾನ. ಊರಾಗ ಹೆಂಗ ಬಾಳ್ವೆ ಮಾಡ್ಲಿ ಅಂತ ಆಕಿ ಕಡೀಕ ಹೊಳ್ಯಾಗ ಬಿದ್ದು ಸಾಯ್ತಾಳ. ಭಾಳ ಅಳಬ್ಯಾಡ ನೀ.'

ಆಗ ನನಗೆ ನೆನಪಾಯಿತು. ಹುಡುಗಿ ಸಾಯುವುದಿಲ್ಲ. ಮಾಸ್ತರ ಊರ ಮುಂದೆಯೇ ಅವಳಿಗೆ ತಾಳಿ ಕಟ್ಟುತ್ತಾನೆ.

ಅವತ್ತು ಟಾಕೀಜಿನಲ್ಲಿ ಅದನ್ನು ನೋಡಿ ಸಿಟಿ ಬಸ್ಸಿನಲ್ಲಿ ವಾಪಸಾಗುವಾಗ ಅವ್ವ ನಮ್ಮನ್ನೆಲ್ಲ ಹತ್ತಿರ ಕರೆದು, 'ಮನಿಗೆ ಹೋದ ಮ್ಯಾಲೆ ಹುಡುಗಿ ಸತ್ತಳು ಅಂತ ಹೇಳ್ರಿ. ಸುಮ್ನ ಮನ್ಯಾಗಿದ್ದಾಕಿ ಮನಸ್ಸಿಗೆ ಯಾಕ ಹಚ್ಚೂದು' ಎಂದಿದ್ದಳು. ಅತ್ತೆ ನೊಂದುಕೊಂಡಾಳೆಂಬ ಮರುಕದಿಂದಲೇ ಹೇಳಿದ್ದು, ಇದರಲ್ಲಿ ನನಗೆ ಸಂಶಯವಿಲ್ಲ. ವಠಾರದ ಹೆಂಗಸರೆಲ್ಲ ತಲೆಯಾಡಿಸಿದರು. ಹೊಳೆಗೆ ಬೀಳುವುದನ್ನು ಅಂಗಳದಲ್ಲಿ ಅಭಿನಯಿಸಿ ತೋರಿಸಿದವಳು ನಾನು. ಕೈ ಮೇಲೆತ್ತಿ, ಕಣ್ಣು ಮುಚ್ಚಿ, ದುಪ್ಪನೆ ಬಿದ್ದಿದ್ದೆ. ಎಲ್ಲರೂ ಭೇಷ್ ಎಂದರು, ಅತ್ತೆ ಅಳುತ್ತಲೇ ನನಗೆ ಶೇಂಗಾ ಉಂಡೆ ಕೊಟ್ಟಳು. ಇಂಥದ್ದನ್ನೂ ಮರೆತಿದ್ದೆ. ಸುಳ್ಳು ಹೇಳಿದವರಿಗೆ ಮರೆಯುವುದು ಸಲೀಸು.

ರಿಮೋಟು ನನ್ನ ಕೈಯಲ್ಲೇ ಇತ್ತು. 'ಇದು ಬ್ಯಾಡ ಅತ್ತಿ, ಬ್ಯಾರೆ ಹಚ್ತೀನಿ' ಎಂದೆ. 'ಇರ್ಲಿ ಬಿಡು. ಸಾಯೂದು ಗೊತ್ತೈತಲ್ಲ, ನಾ ಏನ್ ಹೆದರೂದಿಲ್ಲ' ಎಂದಳು. ವಿಶ್ರಾಂತಿಯಲ್ಲಿ ಚಹಾ ಮಾಡಿಕೊಟ್ಟೆ, ನೆಟ್ ಕೈಕೊಡಲಿ ಎಂದು ಬೇಡಿಕೊಂಡೆ. ಬೇಡವಾದಾಗಲೇ ಅದು ಕೈಕೊಡುವ ಜಾತಿ, ಅವತ್ತು ನೆಟ್ಟಗೆ ಓಡಿತು.

ಹುಡುಗಿ ಹೊಳೆಯ ದಂಡೆಗೆ ಬಂದಳು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಾಸ್ತರ ಓಡಿ ಬಂದು ಅವಳ ಕೈ ಹಿಡಿದ. ಜನ ಸೇರಿದರು, ಬೈದರು, ಕಲ್ಲೆತ್ತಿದರು. ಅವನು ತಾಳಿ ಕಟ್ಟಿದ. ಡೋಲು ಮೊಳಗಿತು, ಇಬ್ಬರೂ ದೋಣಿ ಹತ್ತಿ ಹೋದರು, ಸಿನೆಮಾ ಮುಗಿಯಿತು. ಅತ್ತೆಯ ಸೆರಗು ಇನ್ನೂ ಬಾಯಿಯ ಮೇಲೇ ಇತ್ತು.

'ಈಗ ಬದಲು ಮಾಡ್ಯಾರೇನು?' ಎಂದು ಕೇಳಿದಳು. 'ಈ ಟಿವಿಗೆ ಅಂತ ಕಡೀದು ಬ್ಯಾರೆ ತಗದು ಹಾಕ್ತಾರೇನು?'

ಹೌದು ಎನ್ನಬಹುದಿತ್ತು. ಸಿನೆಮಾಕ್ಕೆ ಹೊಸಬಳು, ನಾನು ಹೇಳಿದ್ದನ್ನೆಲ್ಲ ನಂಬುತ್ತಿದ್ದಳು. ಹೌದತ್ತಿ, ಈಗಿನವರಿಗೆ ಸಾಯುವುದು ಹಿಡಿಸುವುದಿಲ್ಲ, ಅದಕ್ಕೇ ಬದಲಿಸಿದ್ದಾರೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅದೇ ಹೆಂಗಸಿಗೆ, ಅದೇ ಹುಡುಗಿಯ ವಿಷಯದಲ್ಲಿ ಎರಡನೇ ಸಲ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ಇದು ಒಳ್ಳೆಯತನವೋ, ನನ್ನ ಮನಸ್ಸು ಹಗುರಾಗಲೆಂಬ ಸ್ವಾರ್ಥವೋ, ಇವತ್ತಿಗೂ ನನಗೆ ತಿಳಿಯದು. 'ಇಲ್ಲತ್ತಿ, ಅವಾಗೂ ಹಿಂಗ ಇತ್ತು' ಎಂದೆ. ಬಸ್ಸಿನ ಮಾತು, ಅವ್ವನ ಮಾತು, ಅಂಗಳದಲ್ಲಿ ನಾನು ಬಿದ್ದದ್ದು ಎಲ್ಲ ಹೇಳಿದೆ. ಅತ್ತೆ ಎದ್ದು ಹೋಗಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಳು. ನಾನು ಕಾಲು ಮುಟ್ಟಲು ಹೋದರೆ ಸರಿದುಕೊಂಡಳು.

ಮುಂದಿನ ಭಾನುವಾರ ಹನ್ನೊಂದು ಹೊಡೆದರೂ ಅವಳು ಮಾಸಿದ ಸೀರೆಯಲ್ಲೇ ಇದ್ದಳು. ಟಿವಿ ಹಚ್ಚಲೇ ಎಂದರೆ ಬೇಡವೆಂದಳು. ಬಾಲ್ಕನಿಯಲ್ಲಿ ಬಟ್ಟೆ ಮಡಚುವಾಗ, ನಾನು ಕೇಳದೆಯೇ ಶುರು ಮಾಡಿದಳು.

ಅಪ್ಪನ ಆಫೀಸಿನಲ್ಲಿ ಒಬ್ಬರಿದ್ದರಂತೆ, ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಯುಗಾದಿಗೆ ನಮ್ಮಲ್ಲಿ ಊಟಕ್ಕೆ ಬಂದವರು ಅತ್ತೆಯನ್ನು ನೋಡಿ, ಆಮೇಲೆ ಅಪ್ಪನ ಹತ್ತಿರ ಮದುವೆಯ ಮಾತೆತ್ತಿದ್ದರು. ಅಪ್ಪ ಯಾರಿಗೂ ಹೇಳಲಿಲ್ಲ, ಅವ್ವನಿಗೂ. ಮಾಳಿಗೆ ಮೇಲೆ ಸಂಡಿಗೆ ಹಾಕುತ್ತಿದ್ದ ತಂಗಿಯ ಹತ್ತಿರ ಹೋಗಿ, ನೀನು ಹ್ಞೂಂ ಅಂದರೆ ಉಳಿದವರನ್ನು ನಾನು ನೋಡಿಕೊಳ್ಳುತ್ತೇನೆ ಎಂದನಂತೆ.

'ನೀವು ಆ ಸಿನೆಮಾ ನೋಡಿ ಬಂದು ಮೂರ ದಿನ ಆಗಿತ್ತು,' ಎಂದಳು ಅತ್ತೆ. 'ಸಿನೆಮಾದಾಗ ಸುದ್ದಾ ಇಂಥಾದ್ದು ಆಗೂದಿಲ್ಲ, ಹೊಳ್ಯಾಗ ಬೀಳಬೇಕಾಗ್ತೈತಿ ಅಂದ್ಕೊಂಡೆ. ಬ್ಯಾಡೋ ಅಣ್ಣಾ ಅಂದೆ. ಅವ ಮತ್ತ ಕೇಳ್ಲಿಲ್ಲ.'

ಅವಳು ಕೈಯಲ್ಲಿದ್ದ ಟವೆಲನ್ನು ಮಡಚಿದಳು, ಸರಿಯಾಗಲಿಲ್ಲವೆಂದು ಬಿಡಿಸಿ ಮತ್ತೆ ಮಡಚಿದಳು.

'ವಠಾರದಾಗ ಎಲ್ಲಾರಿಗೂ ಗೊತ್ತಿತ್ತೇನು?'

'ಹೌದತ್ತಿ.'

'ಒಬ್ಬರರ ನನಗ ಹೇಳಬೇಕಿತ್ತು,' ಎಂದಳು. 'ನಾ ಏನ್ ಓಡಿ ಹೋಗ್ತಿದ್ದಿಲ್ಲ. ಅಣ್ಣ ಕೇಳಿದಾಗ ಹ್ಞೂಂ ಅಂತಿದ್ದೆ, ಅಷ್ಟ.'