ಕಂಬಳಿಯನ್ನೂ ತಕ್ಕಡಿಗೆ ಇಡುವ ಮೆಲ್ಚೋರ್

ಉರುಬಾಂಬಾ ನದಿಯ ಮೇಲಿನ ಮಂಜು ಇನ್ನೂ ಎದ್ದಿಲ್ಲ. ಮಾಚು ಪಿಚುವಿನ ಕಾಲುದಾರಿ ಶುರುವಾಗುವ ತನಿಖಾ ಠಾಣೆಯ ಮುಂದೆ ಹನ್ನೆರಡು ಹಮಾಲರು ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಹೊರೆಯೂ ತಕ್ಕಡಿ ಏರಬೇಕು, ಇಪ್ಪತ್ತು ಕಿಲೋ ದಾಟುವಂತಿಲ್ಲ. ಐವತ್ತೆರಡು ವರ್ಷದ ಮೆಲ್ಚೋರ್ ಹುವಾಮಾನ್ ಮೊದಲು ಇಡುವುದು ಪ್ರವಾಸಿ ಅತಿಥಿಗಳ ಡೇರೆಯನ್ನಲ್ಲ, ತಮ್ಮ ಕಂದು ಕಂಬಳಿಯನ್ನು. ಅದರ ಮೇಲೆ ಹುರಿದ ಜೋಳದ ಚೀಲ. ಆಮೇಲೆ ಡೇರೆ, ಗ್ಯಾಸ್ ಸಿಲಿಂಡರ್, ಪಾತ್ರೆ. ಮುಳ್ಳು ಇಪ್ಪತ್ತಕ್ಕೆ ನಿಲ್ಲುತ್ತದೆ. ಅತಿಥಿಗಳ ಎರಡು ಮಡಚು ಕುರ್ಚಿಗಳು ನೆಲದಲ್ಲೇ ಉಳಿಯುತ್ತವೆ.

ಮೇಸ್ತ್ರಿ ಗ್ರಿಮಾಲ್ದೊಗೆ ಸಿಟ್ಟು. "ಏನ್ ಯಜಮಾನಾ, ನೀನೂ ರಜಾ ಕಳೆಯೋಕೆ ಬಂದಿದೀಯಾ? ಹಾಸಿಗೆ ಹೊತ್ಕೊಂಡು?"

"ನಾಲ್ಕು ದಿನ ನಿಂತ್ಕೊಂಡೇ ನಿದ್ದೆ ಮಾಡೋಕೆ ನಾನೇನು ಕತ್ತೆನೇನಪ್ಪ?" ಎನ್ನುತ್ತಾರೆ ಮೆಲ್ಚೋರ್.

ಕಾನೂನಿನಂತೆ ಆ ಇಪ್ಪತ್ತು ಕಿಲೋದಲ್ಲಿ ಹಮಾಲನ ಬಟ್ಟೆ, ಬುತ್ತಿ, ಹೊದಿಕೆಗೂ ಪಾಲಿದೆ. ಇವರನ್ನು ದುಡಿಸುವ ಪ್ರವಾಸ ಕಂಪನಿಯಲ್ಲಿ ಆ ಪಾಲನ್ನೂ ಅತಿಥಿಗಳ ಸಾಮಾನೇ ನುಂಗುತ್ತದೆ. ತಂದ ಕಂಬಳಿಯನ್ನು ಚಹಾ ಮಾರುವ ಪೌಲಾಳ ಗೂಡಂಗಡಿಯಲ್ಲಿ ಬಿಟ್ಟು ಹೊದಿಕೆಯಿಲ್ಲದೆ ಬೆಟ್ಟ ಹತ್ತುವುದು ಇಲ್ಲಿನ ವಾಡಿಕೆ. ನಾಲ್ಕು ಸಾವಿರ ಮೀಟರ್ ಎತ್ತರವನ್ನು ಅತಿಥಿಗಳಿಗಿಂತ ಮೊದಲು ಓಡಿ ದಾಟಿ, ಡೇರೆ ಹಾಕಿ, ನೀರು ಕಾಯಿಸಿ, ಏದುಸಿರು ಬಿಡುತ್ತ ಬರುವ ಅತಿಥಿಗಳಿಗೆ ಚಪ್ಪಾಳೆ ತಟ್ಟಬೇಕಾದವನಿಗೆ ಹೊದೆಯಲು ಏನೂ ಇಲ್ಲ. ಅವರು ಉಂಡು ಎದ್ದ ಮೇಲೆ ಆ ಊಟದ ಡೇರೆಯ ಒದ್ದೆ ನೆಲವೇ ಅವನ ಹಾಸಿಗೆ. ಇದನ್ನೇ ಹೊಳೆಯುವ ಕಾಗದದಲ್ಲಿ 'ಇಂಕಾ ಅನುಭವ' ಎಂದು ಅಚ್ಚು ಹಾಕಿ ಮಾರುತ್ತಾರೆ. ಅತಿಥಿಗಳ ಚೀಲಗಳಿಗೆ ಹೆಸರಿದೆ, ಹೊರುವವರಿಗೆ ಬರಿಯ ಸಂಖ್ಯೆ. ಮೆಲ್ಚೋರ್ ಏಳನೆಯವರು.

ಎರಡು ವರ್ಷದ ಹಿಂದಿನವರೆಗೆ ಅವರೂ ಕಂಬಳಿ ಬಿಟ್ಟೇ ಹೋಗುತ್ತಿದ್ದರು. ಒಮ್ಮೆ ಮೇಲಿನ ಬಿಡಾರದಲ್ಲಿ ಆಲಿಕಲ್ಲು ಬಿತ್ತು. ಜೊತೆಗಿದ್ದ ಷಡ್ಡಕ ಸೆಲೆದೋನಿಯೊನ ಎದೆ ಕಟ್ಟಿತು.

"ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ವಿ ಮಾಮಿತಾ, ಇದ್ದ ಬಿಸಿ ಅದೊಂದೇ" ಎಂದು, ಹಮಾಲರ ಬಗ್ಗೆ ಬರೆಯಲು ಬಂದ ನನ್ನನ್ನು ಅವರ ಮಾತಿನಲ್ಲಿ 'ತಾಯೀ' ಎಂದು ಕರೆಯುತ್ತ ಹೇಳಿಕೊಂಡರು. "ಬೆಳಗಾದ ಮೇಲೆ ಅವನನ್ನ ಹೊತ್ಕೊಂಡು ಇಳಿದೆ. ಅವತ್ತು ಯಾರೂ ತೂಕ ನೋಡ್ಲಿಲ್ಲ."

ಸೆಲೆದೋನಿಯೊ ಬದುಕಿದ್ದಾನೆ. ಆದರೆ ಅಂಗಳ ದಾಟುವಷ್ಟರಲ್ಲಿ ಅವನಿಗೆ ಉಬ್ಬಸ ಬರುತ್ತದೆ. ಕಂಪನಿಯವರೊಬ್ಬರೂ ಅವನ ಬಾಗಿಲಿಗೆ ಬರಲಿಲ್ಲ. ಮೆಲ್ಚೋರ್ ಮಾತ್ರ ಪ್ರತಿ ನಡಿಗೆ ಮುಗಿದಾಗ, ಸ್ವಂತ ಮನೆಗೆ ಹೋಗುವ ಮುಂಚೆ, ಅವನ ಆಲೂಗಡ್ಡೆ ಹೊಲಕ್ಕಿಳಿದು ಕೆಲಸ ಮಾಡಿಕೊಟ್ಟು ಹೋಗುತ್ತಾರೆ. ಅದನ್ನು ಯಾರ ಬಳಿಯೂ ಆಡುವುದಿಲ್ಲ, ನನಗೆ ಹೇಳಿದವಳು ಸೆಲೆದೋನಿಯೊನ ಹೆಂಡತಿ.

ಗ್ರಿಮಾಲ್ದೊ ಹಮಾಲರ ಪಟ್ಟಿ ತೆಗೆಯುತ್ತಾನೆ. "ಕಂಬಳಿ ತೆಗಿ. ಇಲ್ಲಾಂದ್ರೆ ಮುಂದಿನ ಸಲ ಏಳನೇ ನಂಬರ್ ಬೇರೆಯವರಿಗೆ."

ಮೆಲ್ಚೋರ್ ಮೂರು ಕೋಕಾ ಎಲೆಗಳನ್ನು ಬೆರಳಲ್ಲಿ ಜೋಡಿಸಿ, ಬೆಟ್ಟದ ದೇವರ ಕಡೆ ತಿರುಗಿ ಮೆಲ್ಲಗೆ ಉಸಿರೂದಿ, ಬಾಯಿಗೆ ಹಾಕಿಕೊಳ್ಳುತ್ತಾರೆ. ಕಂಬಳಿ ಇದ್ದಲ್ಲೇ ಇದೆ.

ಆಗ ಪೌಲಾ ಒಲೆಯ ಹಿಂದಿನಿಂದಲೇ ಗೊಣಗುತ್ತಾಳೆ. "ನನ್ನ ಅಂಗಡಿ ಏನು ಕಂಬಳಿ ಗೋದಾಮಾ? ಇಲಿ ಬಿದ್ದು ಹಾಳಾಗ್ತಿದೆ. ಮೀಸೆ ಇರೋರು ತಗೊಂಡ್ಹೋಗಿ."

ಎಂಟನೇ ನಂಬರಿನ ಫೆರ್ಮಿನ್ ಸಾಲು ಬಿಟ್ಟು ಹೋಗಿ ಕಂಬಳಿ ತರುತ್ತಾನೆ. ಅವನ ಹಿಂದೆ ಇನ್ನೊಬ್ಬ, ಮತ್ತಿಬ್ಬರು. ಉಳಿದವರು ನೆಲ ನೋಡುತ್ತ ನಿಲ್ಲುತ್ತಾರೆ, ಮನೆಯಲ್ಲಿ ಮಕ್ಕಳಿರುವವರನ್ನು ನಾನು ದೂರುವುದಿಲ್ಲ. ಅಷ್ಟರಲ್ಲಿ ಅತಿಥಿಗಳ ಬಸ್ಸು ಬರುತ್ತದೆ. ಬೇರೆ ಆಳುಗಳನ್ನು ಹುಡುಕಲು ಹೊತ್ತಿಲ್ಲ. ಊಟದ ಮೇಜು ಮತ್ತು ಎಂಟು ಕುರ್ಚಿಗಳನ್ನು ಗೂಡಂಗಡಿಯ ಪಕ್ಕದಲ್ಲಿ ಬಿಡುವುದು ಗ್ರಿಮಾಲ್ದೊಗೆ ಅನಿವಾರ್ಯವಾಗುತ್ತದೆ. ಹೋಗುತ್ತ ಪಟ್ಟಿಯಲ್ಲಿ ಏನೋ ಗೀಚುತ್ತಾನೆ. ಏನೆಂದು ಎಲ್ಲರಿಗೂ ಗೊತ್ತು.

"ಮುಂದಿನ ಸಲ ಕರೀದೇ ಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳುತ್ತೇನೆ.

ಮೆಲ್ಚೋರ್ ಹೊರೆ ಬಿಗಿದ ಬಟ್ಟೆಯ ಪಟ್ಟಿಯನ್ನು ಹಣೆಗೆ ಸಿಕ್ಕಿಸಿಕೊಂಡು ಎದ್ದು ನಿಲ್ಲುತ್ತಾರೆ. "ಒಂದ್ಸಲ ಬರಿ ಬೆನ್ನಲ್ಲಿ ಈ ದಾರಿ ನಡೀಬೇಕು ಅಂತ ಆಸೆ ಮಾಮಿತಾ. ಭಾಳ ಚೆನ್ನಾಗಿದೆ ಅಂತಾರೆ ಬಂದೋರೆಲ್ಲ. ಮೂವತ್ತು ವರ್ಷದಿಂದ ನಾನು ನೋಡಿರೋದು ಮುಂದೆ ಹೋಗೋನ ಹಿಮ್ಮಡಿ ಮಾತ್ರ."