ನೀರು ಬಂದರೆ ನಿದ್ದೆ ಹೋಗುವ ಚಲುವರಾಜು

ನಾಲೆಗೆ ನೀರು ಬಿಟ್ಟರೆಂದರೆ ನಮ್ಮ ಮಂಡ್ಯ ಸೀಮೆಗೆ ಹಬ್ಬ. ಗದ್ದೆಯವರ ನಡಿಗೆಯೇ ಬದಲಾಗುತ್ತದೆ, ಹೆಂಗಸರು ಬಟ್ಟೆಗಂಟು ಹೊತ್ತು ನಾಲೆಯ ಸೋಪಾನಕ್ಕೆ ಓಡುತ್ತಾರೆ, ಎಮ್ಮೆಗಳಿಗೂ ಸುದ್ದಿ ಗೊತ್ತಾಗುತ್ತದೆ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಿಂದ ಒಳಗಿರುವ ಒಂದು ಊರಿನಲ್ಲಿ ಮಾತ್ರ ಒಬ್ಬನ ಮುಖ ಅವತ್ತೇ ಬಾಡುತ್ತದೆ. ಅವನ ಹೆಸರು ಚಲುವರಾಜು. ನಲವತ್ತು ದಾಟಿದವನು, ಕಬ್ಬು ಕಡಿಯುವ ಕೂಲಿಯವನು. ನಾಲೆ ಬತ್ತಿದ ವಾರಗಳಲ್ಲಿ ಹೇಗೋ ಮಲಗುತ್ತಾನೆ. ನೀರು ಬಂತೋ, ಅವನ ಕಣ್ಣು ಮುಚ್ಚುವುದಿಲ್ಲ.

ಊರಾಚೆ ನಾಲೆಯ ಏರಿ ಮೇಲೆ ಟಾರು ರಸ್ತೆ. ಒಂದು ಕಡೆ ಅದು ಥಟ್ಟನೆ ತಿರುಗುತ್ತದೆ. ಆ ತಿರುವಿಗೆ ತಡೆಗೋಡೆ ಇಲ್ಲ. ಹೊಸಬರ ಕಾರು, ಬೈಕು ನೇರ ನೀರಿಗೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: "ಚಲುವಂಗೆ ಫೋನ್ ಮಾಡ್ರಲಾ!" ಅವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮುಳುಗುತ್ತಾನೆ, ಸಿಕ್ಕವರನ್ನು ಎಳೆದು ತರುತ್ತಾನೆ. ಇಷ್ಟು ವರ್ಷಗಳಲ್ಲಿ ಉಸಿರಿದ್ದವರು ಒಬ್ಬರೂ ಅವನ ಕೈಗೆ ಸಿಕ್ಕಿಲ್ಲ.

ಪ್ರತಿ ಸಲವೂ ಯಾರೋ ಸಾಹೇಬರು ಬಂದು ಟೇಪು ಹಿಡಿಸಿ ತಿರುವನ್ನು ಅಳೆದು ಹೋಗುತ್ತಾರೆ. ಅಳೆಸಿಕೊಂಡೇ ಆ ಜಾಗ ಸವೆದುಹೋಗಬೇಕಿತ್ತು. ಊರವರದು ಇನ್ನೊಂದು ಪದ್ಧತಿ. ಹೆಣ ತೆಗೆದವನಿಗೆ ಚಳಿ ಬಿಡಲಿ ಎಂದು ಒಂದು ಕ್ವಾರ್ಟರ್ ಕೊಡಿಸುವುದು. ಒಬ್ಬನ ನಿದ್ದೆ ಕಿತ್ತುಕೊಂಡು ಬ್ರಾಂದಿ ಕೈಗಿಡುವ ಈ ವ್ಯಾಪಾರಕ್ಕೆ ನಾವು ಉಪಕಾರ ಅಂತ ಹೆಸರಿಟ್ಟುಕೊಂಡಿದ್ದೇವೆ.

ಮೊದಲೆಲ್ಲ ಅದನ್ನು ಕುಡಿದು ಮಲಗಿ ಎರಡು ದಿನಕ್ಕೆ ಅವನು ಸರಿಹೋಗುತ್ತಿದ್ದ. ಹೋದ ಮಳೆಗಾಲದಲ್ಲಿ ಗಂಡ ಹೆಂಡತಿ ಇದ್ದ ಕಾರೊಂದು ಬಿತ್ತು. ಅವನು ಓಡಿಬಂದಾಗ ಕೆಸರು ನೀರಿನ ತಳದಲ್ಲಿ ಅದರ ಹೆಡ್‌ಲೈಟು ಇನ್ನೂ ಉರಿಯುತ್ತಿತ್ತು. ಬಾಗಿಲು ಜಗ್ಗುತ್ತಿರುವಾಗಲೇ ಆರಿಹೋಯಿತು. ದೀಪಕ್ಕೆ ಜೀವ ಇತ್ತೆಂದರೆ ಒಳಗಿದ್ದವರಿಗೂ ಇದ್ದಿರಬೇಕು, ತಾನು ಇನ್ನಷ್ಟು ಬೇಗ ಬಂದಿದ್ದರೆ? ಆ ಹುಳು ತಲೆ ಹೊಕ್ಕಿತು. ಅಂದಿನಿಂದ ನೀರು ಹರಿಯುವ ಅಷ್ಟೂ ರಾತ್ರಿ ತಲೆದಿಂಬಿನ ಪಕ್ಕ ಹಗ್ಗ, ಎದೆಯ ಮೇಲೆ ಫೋನು. ಕಣ್ಣು ಮುಚ್ಚಿದರೆ ಹಳದಿ ಬೆಳಕು, ತೆರೆದರೆ ಎದೆ ಡವಗುಟ್ಟುವುದು. ಟಿವಿ ಪೆಟ್ಟಿಗೆಯ ಕೆಂಪು ಚುಕ್ಕಿಗೂ ಅವನು ಬೆಚ್ಚುತ್ತಾನೆಂದು ಹೆಂಡತಿ ವನಜಾ ಅದರ ಮೇಲೆ ಹಳೇ ಟವಲು ಹೊದಿಸುತ್ತಾಳೆ.

ಟೀ ಅಂಗಡಿಯಲ್ಲಿ ಪಕ್ಕದ ಮನೆಯ ವಯಸ್ಸಾದ ನಿಂಗಯ್ಯ ಛೇಡಿಸಿದರು. "ಏನ್ಲಾ ಚಲುವ, ಕಣ್ಣು ಕೆಂಡ ಆಗದೆ? ಎಂಡ್ರು ಮಲಗಕ್ಕೆ ಬುಡಲ್ವಾ?"

"ನಿದ್ದೆ ಬರಲ್ಲ ಕಣಣ್ಣ. ನೀರು ಬಂದ್ರೆ ಬರಲ್ಲ."

"ಸತ್ತೋರ್ ಗಾಳಿ ಕಣ್ಲಾ ಅದು. ಬಸಪ್ಪನ ತಾವ ಓಗಿ ಪಾದ ಕೇಳು."

ಹೋದ. ಗುಡಿಗೆ ಬಿಟ್ಟ ದೇವರ ಬಸವ ಒಳ್ಳೆಯದಾಗಲಿ ಎಂಬಂತೆ ಅವನ ಅಂಗೈ ಮೇಲೆ ಪಾದ ಇಟ್ಟಿತು, ಸುತ್ತಲಿದ್ದವರು ಕೈಮುಗಿದರು. ಅವತ್ತೂ ಅವನು ಬೆಳಗಿನವರೆಗೆ ಎದ್ದೇ ಕೂತಿದ್ದ. ಮರುದಿನ ಕಬ್ಬಿನ ಗದ್ದೆಯಲ್ಲಿ ತೂಕಡಿಸಿ ಮಚ್ಚಿನಿಂದ ಮೊಣಕಾಲ ಕೆಳಗೆ ಕೊಚ್ಚಿಕೊಂಡ.

ಮಂಡ್ಯದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದವರು ಅವನನ್ನು ಮಾನಸಿಕ ರೋಗಗಳ ಡಾಕ್ಟರು ರಂಜನಿಯವರ ಕೋಣೆಗೆ ಕಳಿಸಿದರು. ಅವರು ಪೂರ್ತಿ ಕೇಳಿಸಿಕೊಂಡರು. "ಇದು ಗಾಳಿ ಅಲ್ಲ, ಕಾಯಿಲೆ. ವಾಸಿ ಮಾಡಬಹುದು, ನಿಧಾನ ಆಗುತ್ತೆ. ಕುಡಿದು ಬರೋದು ನಿದ್ದೆ ಅಲ್ಲ, ಅದನ್ನ ಬಿಡಿ. ರಾತ್ರಿ ಫೋನು ಹತ್ರ ಇಟ್ಕೋಬೇಡಿ. ಈ ಸ್ಥಿತೀಲಿ ನೀರಿಗಿಳಿದ್ರೆ ಮುಂದಿನ ಹೆಣ ನಿಮ್ಮದೇ."

"ಫೋನ್ ಇಲ್ದಾಗ್ಲೇ ಯಾರಾರ ಬಿದ್ರೆ ಮೇಡಂ? ಇನ್ನೂ ಉಸ್ರಿದ್ರೆ?"

"ಈಜು ಬರೋರು ಊರಲ್ಲಿ ನೀವೊಬ್ಬರೇನಾ?"

ಬಾಗಿಲ ಬಳಿ ನಿಂತಿದ್ದ ವನಜಾ ಆ ಪ್ರಶ್ನೆಯನ್ನು ಊರಿನವರೆಗೂ ಹೊತ್ತು ತಂದಳು.

ಮರುದಿನ ಸಂಜೆ ಅರಳಿಕಟ್ಟೆಯಲ್ಲಿ ಗದ್ದೆಯವರು ನೀರಿನ ಸರದಿ ಮಾತಾಡುತ್ತಿದ್ದರು. ನಾಲೆಯ ಕೊನೆಯ ಊರು ಅದು. ಮೇಲಿನವರು ನೀರು ತಿರುಗಿಸಿಕೊಳ್ಳದ ಹಾಗೆ ರಾತ್ರಿಯೆಲ್ಲ ಒಬ್ಬೊಬ್ಬರು ಗದ್ದೆಗೆ ನೀರು ಬಿಡುವ ತೂಬಿನ ಬಳಿ ಬ್ಯಾಟರಿ ಹಿಡಿದು ಕಾಯುವುದು ತಲೆತಲಾಂತರದ ರೂಢಿ. ತೂಬು ಇರುವುದು ಆ ತಿರುವಿನಲ್ಲೇ. ವನಜಾ ಬಂದು ನಿಂಗಯ್ಯನವರ ಮುಂದೆ ಗಂಡನ ಫೋನು ಇಟ್ಟಳು.

"ಇದೇನವ್ವ?"

"ನೀರ್ಗೆ ಸರದಿ ಮಾಡ್ಕತೀರಲ್ಲ, ಇದ್ಕೂ ಮಾಡ್ಕಳಿ. ತೂಬಿನ ತಾವ ಕೂರೋರೇ ಇಟ್ಕಳಿ. ಗಾಡಿ ಬಂದ್ರೆ ಬ್ಯಾಟ್ರಿ ಬುಟ್ಟು ನಿಲ್ಸಿ. ಬಿದ್ಮೇಲೆ ಯಾಕೆ ಕೂಗ್ತೀರಿ?"

"ನಮ್ಗೇನ್ ಕೆಲ್ಸ ಇಲ್ವಾ? ರಾತ್ರೆಲ್ಲ ರಸ್ತೆ ಕಾಯಕ್ಕಾಯ್ತದಾ?" ಎಂದ ಯತೀಶ, ಎರಡೆಕರೆ ಗದ್ದೆಯ ಹುಡುಗ.

"ಗದ್ದೆ ನೀರ್ಗೆ ಎದ್ದಿರ್ತೀಯಲ್ಲಪ್ಪ. ನನ್ ಗಂಡ ನಿಮ್ಮೆಲ್ರ ಸರದೀನೂ ಒಬ್ನೇ ಎದ್ದವ್ನೆ. ಅವ್ನ್ಗೆ ಒಂದು ಗುಂಟೆ ಗದ್ದೆನೂ ಇಲ್ಲ."

ನೀರಿಗಾಗಿ ಸರದಿಯಲ್ಲಿ ಎಚ್ಚರವಿರಲು ಬಲ್ಲ ಜನಕ್ಕೆ ಜೀವಕ್ಕಾಗಿ ಹಾಗೆ ಇರಬೇಕೆಂದು ಇಷ್ಟು ವರ್ಷ ಹೊಳೆಯಲೇ ಇಲ್ಲ.

ಕಡೆಗೆ ನಿಂಗಯ್ಯ ಫೋನು ಕೈಗೆತ್ತಿಕೊಂಡರು. "ಇವತ್ತು ನಂದೇ ಸರದಿ. ಒತ್ತಕ್ ಬರಲ್ಲ ನಂಗೆ, ಕೂಗ್ತೀನಿ."

"ನಿನ್ ಗಂಟ್ಲಿಗೆ ಫೋನ್ ಬೇರೆ ಕೇಡು, ಮಳವಳ್ಳಿಗಂಟ ಕೇಳ್ತದೆ ಬುಡು," ಎಂದ ಯತೀಶ. "ನಾಳೆ ನಂಗೇ ಕೊಡು."

ವಿಷಯ ತಿಳಿದ ಚಲುವರಾಜು ಹೆಂಡತಿಯ ಮೇಲೆ ಹಾರಾಡಿದ. ಊಟ ಮಾಡಲಿಲ್ಲ. ಮಲಗಿದ, ಎದ್ದು ಕೂತ, ಬೆವರಿದ. ಕುಂಟುತ್ತಾ ಜಗುಲಿಗೆ ಬಂದ. ದೂರದಲ್ಲಿ, ತಿರುವಿನ ಬಳಿ ಒಂದು ಬೆಳಕು ಕೂತಿತ್ತು. ಬೈಕೊಂದು ವೇಗವಾಗಿ ಬಂತು. ಬೆಳಕು ಎದ್ದು ಅಡ್ಡಡ್ಡ ಆಡಿತು. ಬೈಕು ವೇಗ ತಗ್ಗಿಸಿ, ತಿರುಗಿ, ತನ್ನ ದಾರಿ ಹಿಡಿಯಿತು. ಆ ಬೆಳಕು ಮತ್ತೆ ಏರಿಯ ಮೇಲೆ ಕೂತುಕೊಂಡಿತು.

ಗೋಡೆ ಇವತ್ತಿಗೂ ಬಂದಿಲ್ಲ. ಸದ್ಯಕ್ಕೆ ಒಬ್ಬ ಮುದುಕನ ಬ್ಯಾಟರಿಯೇ ಗೋಡೆ. ಅದನ್ನು ನೋಡಿ ಯಾರಿಗಾದರೂ ನಾಚಿಕೆಯಾದರೆ ಆಗಲಿ.

ಚಲುವರಾಜು ಬಹಳ ಹೊತ್ತು ಅಲ್ಲೇ ನಿಂತಿದ್ದ. ಒಳಗೆ ಬಂದು ದಿಂಬಿನ ಪಕ್ಕದ ಹಗ್ಗ ತೆಗೆದು ಗೂಟಕ್ಕೆ ನೇತುಹಾಕಿದ. ವನಜಾಳ ತೋಳಿನ ಮೇಲೆ ತಲೆಯಿಟ್ಟ. ನಾಲೆಯ ಸದ್ದು ಕೇಳಿಸುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅವನ ಉಸಿರು ನೀಳವಾಯಿತು. ತೋಳು ಜೋಮು ಹಿಡಿದರೂ ಅವಳು ಕದಲಲಿಲ್ಲ.