ಬಟ್ಟೆ ಸುತ್ತಿದ ಬೆರಳು

ಈಗ ಸೊಪ್ಪು ಮೊಬೈಲಿನಲ್ಲಿ ಬರುತ್ತದೆ, ಬೇರು ಕತ್ತರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ. ಬಿಡಿಸುವಾಗ ಮಾತಿಗೆ ಯಾರೂ ಇರುವುದಿಲ್ಲ. ಆಗೆಲ್ಲ ಜಯನಗರದ ನಮ್ಮ ಮನೆಗೆ ಸೊಪ್ಪು ತರುತ್ತಿದ್ದವಳು ತಿಲಕ್ ನಗರದ ಶೀಟಿನ ಮನೆಯ ಒಬ್ಬ ಮುದುಕಿ. ರಸ್ತೆಯವರೆಲ್ಲ ಅವಳನ್ನು ಸಿಲೋನಜ್ಜಿ ಅನ್ನುತ್ತಿದ್ದರು. ಹುಡುಗಿಯಾಗಿದ್ದಾಗ ಸಿಲೋನಿನ ಟೀ ತೋಟದಲ್ಲಿದ್ದಳಂತೆ. ಅಲ್ಲಿ ಗಲಾಟೆಯಾಗಿ ಇಂಡಿಯಾದಿಂದ ಹೋದ ಕೂಲಿಯವರ ಮನೆಗಳಿಗೆ ಬೆಂಕಿ ಬಿದ್ದಾಗ ಹಡಗು ಹತ್ತಿ ಬಂದವಳು.

“ಅಲ್ಲಿ ಇಂಡಿಯಾದೋಳು ಅಂದ್ರು, ಇಲ್ಲಿ ಸಿಲೋನ್‌ದೋಳು ಅಂತೀರಾ,” ಎಂದು ಮೆಂತ್ಯದ ಕಟ್ಟು ಕೊಡವುತ್ತ ನಗುತ್ತಿದ್ದಳು. “ನಡುವೆ ಸಮುದ್ರದಲ್ಲಿ ಇದ್ನಲ್ಲ, ಅಲ್ಲೊಂದೇ ಕಡೆ ಯಾರೂ ಏನೂ ಅನ್ನಲಿಲ್ಲ.”

ಓಟು ಮಾತ್ರ ಅವಳಿಗಿರಲಿಲ್ಲ. ವರ್ಷಗಟ್ಟಲೆ ಆಫೀಸುಗಳಿಗೆ ಓಡಾಡಿದ ಮೇಲೆ ಒಂದು ಎಲೆಕ್ಷನ್ನಿಗೆ ಓಟಿನ ಕಾರ್ಡು ಬಂತು. ಆದರೂ ಬೂತಿನಿಂದ ವಾಪಸ್ ಕಳಿಸಿಬಿಟ್ಟರೆ ಅನ್ನೋ ಭಯ.

“ನೀವು ಜೊತೆಗೆ ಬನ್ನಿ ಅಕ್ಕಾ. ನಿಮ್ಮನ್ನ ನೋಡಿ ಸುಮ್ನಿರ್ತಾರೆ,” ಅಂದಳು. ಹೋದೆ.

ಸಾಲಿನಲ್ಲಿ ಮುಂದಿದ್ದ ಅವಳ ಬೀದಿಯ ಹೆಂಗಸೊಬ್ಬಳು ತಿರುಗಿ, “ಏನಜ್ಜಿ, ನಿನ್ನ ಓಟು ಸಿಲೋನಲ್ಲಿ ಅಲ್ವಾ?” ಅಂದಳು.

“ಅಲ್ಲೂ ಕೊಡ್ಲಿಲ್ಲ ಕಣಮ್ಮ. ಕೊಟ್ಟಿದ್ರೆ ನಿನ್ನ ಬೆನ್ನು ನೋಡ್ಕೊಂಡು ಯಾಕೆ ನಿಂತಿರ್ತಿದ್ದೆ?”

ಸಾಲೆಲ್ಲ ನಕ್ಕಿತು. ಅವಳ ಕೈ ಮಾತ್ರ ನನ್ನ ಸೆರಗು ಬಿಟ್ಟಿರಲಿಲ್ಲ. ಓಟು ಹಾಕಿ ಹೊರಗೆ ಬಂದಾಗ ಎಡಗೈ ಬೆರಳನ್ನು ಯಾರಿಗೂ ತಾಗದ ಹಾಗೆ ಮೇಲೆತ್ತಿ ಹಿಡಿದಿದ್ದಳು.

ಮಾರನೇ ಬೆಳಿಗ್ಗೆ ಬುಟ್ಟಿಯ ಸೊಪ್ಪು ಬಾಡಿತ್ತು. ದಿನವೂ ನೀರು ಚಿಮುಕಿಸಿಕೊಂಡೇ ಬರುತ್ತಿದ್ದವಳು. ಬೆರಳಿಗೆ ಹಳೇ ಸೀರೆಯ ಚೂರು ಸುತ್ತಿತ್ತು.

“ಏನೇ, ಕುಯ್ಕೊಂಡ್ಯಾ?” ನಮ್ಮತ್ತೆ ಕೇಳಿದರು.

“ಇಲ್ಲಮ್ಮ, ಶಾಯಿ. ನೀರು ತಾಗಿದ್ರೆ ಹೋಗ್ಬಿಡತ್ತೆ. ಆಮೇಲೆ ಓಟೇ ಹಾಕಿಲ್ಲ ನೀನು ಅಂದ್ಬಿಟ್ರೆ?”

ಅತ್ತೆಗೆ ನಗು. “ಅಯ್ಯೋ ಪೆದ್ದಿ, ಸೋಪ್ ಹಾಕಿ ತಿಕ್ಕಿದ್ರೂ ಹೋಗಲ್ಲ ಅದು.”

“ನಿಮ್ಗೆ ಹೋಗಲ್ಲಮ್ಮ. ನಂಗೆ ಹೋಗ್ಬಿಟ್ರೆ?”

ಅತ್ತೆ ಒಳಗಿಂದ ಚೊಂಬಿನಲ್ಲಿ ನೀರು ತಂದು, ಶಾಯಿ ಹಚ್ಚಿದ ತಮ್ಮ ಬೆರಳಿಗೇ ಮೊದಲು ಸುರಿದುಕೊಂಡು ತೋರಿಸಿದರು. ಅಜ್ಜಿ ಗೇಟಿನ ಹತ್ತಿರ ಕುಕ್ಕರಗಾಲಲ್ಲಿ ಕೂತು, ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿ ಕೈ ಚಾಚಿದಳು. ನೀರು ಹರಿಯಿತು. ಉಜ್ಜಿ ನೋಡಿದಳು. ಉಗುರಿನಿಂದ ಕೆರೆದೂ ನೋಡಿದಳು. ಇತ್ತು.

“ಕೊಡಿ ಇಲ್ಲಿ,” ಅಂತ ಚೊಂಬು ಇಸಕೊಂಡು, ಮಿಕ್ಕ ನೀರನ್ನೆಲ್ಲ ಬಾಡಿದ ಸೊಪ್ಪಿಗೆ ಚಿಮುಕಿಸಿದಳು.